ಗೆಳೆಯನಿಗೊಂದು ಪತ್ರ: ಹ್ಯಾವ್‌ಲಾಕ್‌ನಲ್ಲಿ ಮೊದಲು ಎಲ್ಲಿ ಡೈವ್ ಮಾಡ್ತೀಯ?

ಪ್ರಿಯ ಗಿರೀಶ,

ಅಂಡಮಾನಿನಲ್ಲಿ ಸ್ಕೂಬಾ ಡೈವ್ ಮಾಡೋಕೆ ನೀನು ಕಳಿಸಿದ ಜಾಗಗಳ ಪಟ್ಟಿ ನೋಡಿದೆ. ಹ್ಯಾವ್‌ಲಾಕ್ ತಲುಪಿದ ಮರುದಿನವೇ ಡಿಕ್ಸನ್ಸ್ ಪಿನಾಕಲ್, ಅದರ ಮಾರನೇ ದಿನ ಜಾನೀಸ್ ಗಾರ್ಜ್, ಸಮಯ ಉಳಿದರೆ ನೀಮೋ ರೀಫ್ ಅಂತ ಬರೆದಿದ್ದೀಯ. ಈ ಸರದಿಯನ್ನು ಪೂರ್ತಿ ತಿರುಗಿಸು ಅಂತ ಹೇಳೋಕೇ ಇಷ್ಟುದ್ದ ಬರೀತಿದ್ದೀನಿ. (ಅಂದಹಾಗೆ, 2018ರಿಂದ ದ್ವೀಪದ ಅಧಿಕೃತ ಹೆಸರು ಸ್ವರಾಜ್ ದ್ವೀಪ. ಟಿಕೆಟ್ ಮಾಡುವಾಗ ಗೊಂದಲ ಆಗದಿರಲಿ.)

ಡಿಕ್ಸನ್ಸ್, ಜಾನೀಸ್ ಎರಡೂ ಅಂಡಮಾನಿನ ಹೆಸರಾಂತ ಜಾಗಗಳೇ, ಅದರಲ್ಲಿ ಎರಡು ಮಾತಿಲ್ಲ. ಬ್ರಿಟಿಷರ ಕಾಲದಲ್ಲಿ ಬರ್ಮಾದಿಂದ ಬಂದು ನೆಲೆಸಿದ ಕರೆನ್ ಜನರಲ್ಲಿ ಆ ಕಡಲನ್ನು ಚೆನ್ನಾಗಿ ಬಲ್ಲ ಡೈವರ್‌ಗಳಿದ್ದಾರೆ. ಅವರ ಹೆಸರೇ ಈ ಜಾಗಗಳಿಗೆ ನಿಂತಿದೆ. ಆದರೆ ಡಿಕ್ಸನ್ಸ್‌ನ ಬಂಡೆಗಳ ನೆತ್ತಿ ಇರೋದೇ ಹತ್ತಿರ ಹತ್ತಿರ 18 ಮೀಟರ್ ಆಳದಲ್ಲಿ. ನಿನ್ನ ಓಪನ್ ವಾಟರ್ (ಮೊದಲ ಹಂತದ ಡೈವ್ ಕೋರ್ಸ್) ಕಾರ್ಡಿನ ಮಿತಿಯೂ 18 ಮೀಟರ್. ನೋಡೋದೆಲ್ಲ ಶುರುವಾಗುವಲ್ಲಿ ನೀನು ನಿಲ್ಲಬೇಕಾಗುತ್ತೆ. ಜಾನೀಸ್ ಗಾರ್ಜ್ ಇನ್ನೂ ಆಳ. 30 ಮೀಟರಿನವರೆಗೆ ಹೋಗೋಕೆ ಅಡ್ವಾನ್ಸ್ಡ್ ಕೋರ್ಸ್ ಆಗಿರಬೇಕು.

ಕಾರ್ಡಿನ ಮಾತು ಬಿಡು, ಗಾಳಿಯ ಲೆಕ್ಕ ನೋಡು. ಪ್ರತಿ 10 ಮೀಟರಿಗೂ ಒಂದು ವಾತಾವರಣದಷ್ಟು ಒತ್ತಡ ಏರುತ್ತೆ. ಹಾಗಾಗಿ 20 ಮೀಟರಿನಲ್ಲಿ ಒಂದೊಂದು ಉಸಿರಿಗೂ ಸಿಲಿಂಡರ್‌ನಿಂದ ಮೇಲಿನದರ ಮೂರು ಪಟ್ಟು ಗಾಳಿ ಹೋಗುತ್ತೆ. ನೇತ್ರಾಣಿಯಲ್ಲಿ ಕೋರ್ಸ್ ಮುಗಿಸಿದ ಮೇಲೆ ನೀನು ನೀರಿಗೇ ಇಳಿದಿಲ್ಲ. ಮೊದಲ ದಿನ ಉಸಿರು ಜೋರಾಗಿಯೇ ಇರುತ್ತೆ. ಸೆಳೆತ ಇರೋ ಜಾಗದಲ್ಲಿ ಕಾಲು ಬಡಿಯುತ್ತ ಗಾಳಿಯ ಮೀಟರ್ ನೋಡೋದರಲ್ಲೇ ಡೈವ್ ಮುಗಿದು ಹೋದರೆ ಯಾವ ಸುಖ?

ಅದಕ್ಕೇ ಮೊದಲ ದಿನ ನೀಮೋ ರೀಫ್. ದಡದಿಂದಲೇ ನಡೆದು ಇಳಿಯಬಹುದು, ಆಳ ಕಡಿಮೆ. ಅದು ಹೊಸಬರ ಜಾಗ ಅಂತ ಅಸಡ್ಡೆ ಮಾಡಬೇಡ. ಮರಳಿನ ಮೇಲೆ ಗೋಬಿ ಮೀನು ಹುಡುಕು, ಬೆರಳುದ್ದ ಇರುತ್ತೆ ಅಷ್ಟೇ. ಅದು ಬಿಲದ ಬಾಯಲ್ಲಿ ಅಲ್ಲಾಡದೆ ಕಾವಲು ನಿಂತಿರುತ್ತೆ. ಒಳಗಿಂದ ಸಣ್ಣ ಸೀಗಡಿಯೊಂದು ಮರಳು ತಳ್ಳಿಕೊಂಡು ಹೊರಗೆ ಬರುತ್ತೆ, ಸುರಿಯುತ್ತೆ, ಮತ್ತೆ ಒಳಗೆ. ಸೀಗಡಿಗೆ ಕಣ್ಣು ಅಷ್ಟಕ್ಕಷ್ಟೇ. ಹೊರಗಿದ್ದಷ್ಟು ಹೊತ್ತೂ ಅದರ ಒಂದು ಮೀಸೆ ಮೀನಿನ ಮೈಗೆ ತಾಗಿಕೊಂಡಿರುತ್ತೆ. ಮೀನು ಬಾಲ ಅದುರಿಸಿದರೆ ಸಾಕು, ಸೀಗಡಿ ಮಾಯ. ನೀನು ಇನ್ನೂ ಹತ್ತಿರ ಹೋದರೆ ಮೀನೂ ಮಾಯ. ಎರಡು ಕೈ ದೂರದಲ್ಲಿ ಸದ್ದಿಲ್ಲದೆ ತೇಲುತ್ತ ಇದನ್ನು ನೋಡೋಕೆ ಬಂತು ಅಂದರೆ ನಿನ್ನ ಬಾಯನ್ಸಿ (ಮೇಲೇರದೆ, ಮುಳುಗದೆ ತೇಲುವ ಹದ) ಕೈಗೆ ಬಂತು ಅಂತ ತಿಳಿ. ನನ್ನ ಪ್ರಕಾರ ಆಳದ ಡೈವ್‌ಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ.

ಎರಡನೇ ದಿನ ಲೈಟ್‌ಹೌಸ್, ಆಮೇಲೆ ದಿ ವಾಲ್, ಅಂದರೆ ನೀರೊಳಗಿನ ಕಡಿದಾದ ಗೋಡೆ. ವಾಲ್‌ನ ಮೇಲ್ತುದಿ ಸುಮಾರು 10 ಮೀಟರಿನಲ್ಲಿದೆ, ಅಲ್ಲಿಂದ 50 ಮೀಟರ್ ದಾಟಿ ಇಳಿಯುತ್ತೆ. 15ರಲ್ಲಿ ನಿಂತರೂ ಮೆದು ಹವಳ ಕಣ್ತುಂಬ ಸಿಗುತ್ತೆ. ಕೆಳಗೆ ತಳ ಇಲ್ಲದ ಕಡೆ ಜಾರದೆ ನಿಲ್ಲೋದು ಮುಖ್ಯ, ಅದಕ್ಕೇ ಇದನ್ನು ಮೊದಲ ದಿನಕ್ಕೆ ಇಡಲಿಲ್ಲ.

ಇನ್ನೊಂದು ವಿಷಯ ಎಲ್ಲರೂ ಮರೀತಾರೆ: ತಿಥಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರ ಇಳಿತ ಜೋರು, ಸೆಳೆತ ಹೆಚ್ಚು, ನೀರೂ ಕದಡಿರುತ್ತೆ. ಅಷ್ಟಮಿ ಕಳೆದ ಒಂದೆರಡು ದಿನ ಕಡಲು ಸೌಮ್ಯ. ನಿಮ್ಮ ಗಂಗೊಳ್ಳಿಯ ಮೀನುಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನೀವು ಫೆಬ್ರವರಿಯಲ್ಲಿ ಹೋಗೋದು ಒಳ್ಳೇದೇ, ಆದರೆ ಯಾವ ವಾರ ಅನ್ನೋದನ್ನು ಕ್ಯಾಲೆಂಡರ್ ನೋಡಿ ಗೊತ್ತು ಮಾಡು. ಬೋಟಿನವರು ಬೆಳಿಗ್ಗೆ "ಇವತ್ತು ಅಲ್ಲಿ ಬೇಡ" ಅಂದರೆ ವಾದಿಸಬೇಡ.

ಹವಳದ ಬಗ್ಗೆ ಒಂದು ಮಾತು ಹೇಳಲೇಬೇಕು. 2010ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳುಚಿ ಹೋಯ್ತು, 2016ರಲ್ಲಿ ಮತ್ತೆ. ಆಳವಿಲ್ಲದ ಕಡೆ ಸತ್ತ ಹವಳದ ಚೂರುಗಳ ನಡುವೆ ಹೊಸದು ಚಿಗುರಿರೋದು ಕಾಣುತ್ತೆ. ಕಾಲಿಗೆ ಹಾಕಿದ ಫಿನ್ ತಾಗಿದರೂ ಅದು ಮುರಿಯುತ್ತೆ. ದಯವಿಟ್ಟು ಅದರ ಮೇಲೆ ನಿಲ್ಲಬೇಡಿ, ಫೋಟೋಗಾಗಿ ಹಿಡಿದುಕೊಳ್ಳಬೇಡಿ.

ವಿಮಾನಕ್ಕೆ ಮುಂಚೆ ಕನಿಷ್ಠ 18 ಗಂಟೆ ಡೈವ್ ಇಲ್ಲ. ಕೊನೇ ದಿನವನ್ನು ರಾಧಾನಗರ ಬೀಚಿಗೆ ಇಟ್ಟುಕೊಳ್ಳಿ. ನೆಗಡಿ ಇದ್ದರೆ ಕಿವಿ ಸಮವಾಗಲ್ಲ, ಆ ದಿನ ಇಳಿಯಲೇಬೇಡ.

ಸುಮಾಗೆ ಈಜು ಬರಲ್ಲ ಅನ್ನೋದು ಅಡ್ಡಿಯಲ್ಲ. ಹೊಸಬರ ಡೈವ್‌ನಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಬಿಡದೆ ಇರ್ತಾರೆ, 12 ಮೀಟರಿಗಿಂತ ಕೆಳಗೆ ಒಯ್ಯಲ್ಲ. ಆದರೆ ಅವಳಿಗೆ ಚಿಕ್ಕಂದಿನಿಂದ ಉಬ್ಬಸ ಇದೆಯಲ್ಲ, ಹೊರಡೋ ಮುಂಚೆ ಡಾಕ್ಟರಿಗೆ ತೋರಿಸಿ ಡೈವ್ ಮಾಡಬಹುದು ಅಂತ ಬರೆಸಿಕೊಳ್ಳಿ. ಅಲ್ಲಿ ಆರೋಗ್ಯದ ಫಾರ್ಮ್‌ನಲ್ಲಿ ಅದನ್ನು ಕೇಳೇ ಕೇಳ್ತಾರೆ, ಮುಚ್ಚಿಡೋದು ಬೇಡ. ಡಾಕ್ಟರ್ ಬೇಡ ಅಂದರೆ ನೀಮೋ ರೀಫ್‌ನಲ್ಲೇ ಅವಳ ಸ್ನಾರ್ಕೆಲಿಂಗ್‌ಗೂ ಮಾತಾಡಿಕೊಂಡು ಬುಕ್ ಮಾಡು.

ನಿನ್ನ,
ರವಿ