ದೊಡ್ಡವರ ಎಡಿಎಚ್‌ಡಿಗೂ ಬಳ್ಳಾರಿಯಲ್ಲೇ ತಪಾಸಣೆ ಸಿಗಲಿ

ಮಾನ್ಯರೇ,

ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿದ್ದು ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಸಿಬ್ಬಂದಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರ ರಾಷ್ಟ್ರೀಯ ಯೋಜನೆಗೆ ಬುನಾದಿ. ಅಂಥ ಜಿಲ್ಲೆಯಲ್ಲಿ ಮೂವತ್ತು ದಾಟಿದವರು ‘ನನಗೆ ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆಯ ತೊಂದರೆ) ಇರಬಹುದೇ’ ಎಂದು ಕೇಳಿದರೆ, ‘ಅದು ಮಕ್ಕಳ ಸಮಸ್ಯೆಯಲ್ವಾ’ ಎನ್ನುವವರೇ ಹೆಚ್ಚು. ಇಲ್ಲವೇ ಬೆಂಗಳೂರಿನ ದಾರಿ ತೋರಿಸುತ್ತಾರೆ. (ಸೋಮಾರಿ ಎಂಬ ಬಿರುದು ಮಾತ್ರ ಊರಲ್ಲೇ ಪುಕ್ಕಟೆ ಸಿಗುತ್ತದೆ.)

ಬಾಲ್ಯದಲ್ಲಿ ಶುರುವಾಗುವ ಈ ತೊಂದರೆ ಅನೇಕರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಓಡಾಟ, ಕುಣಿದಾಟ ಕಡಿಮೆಯಾಗಿ ಒಳಗಿನ ಚಡಪಡಿಕೆ, ಮರೆವು, ಅರ್ಧಕ್ಕೆ ನಿಂತ ಕೆಲಸಗಳು ಕಾಣಿಸಿಕೊಳ್ಳುತ್ತವೆ. ಜೊತೆಗೆ ಆತಂಕ, ಖಿನ್ನತೆಯೂ ಇದ್ದರೆ ಅದಕ್ಕಷ್ಟೇ ಮಾತ್ರೆ ಸಿಕ್ಕು, ಮೂಲ ಹಾಗೇ ಉಳಿಯಬಹುದು. ಇದನ್ನು ಪತ್ತೆಹಚ್ಚಲು ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಶಾಲೆಯ ದಿನಗಳಿಂದ ಹಿಡಿದು ಇಂದಿನವರೆಗಿನ ಬದುಕನ್ನು ಕೂತು ಕೇಳಬೇಕು. ಹೊರರೋಗಿ ವಿಭಾಗದ ಉದ್ದನೆಯ ಸಾಲಿನಲ್ಲಿ ಅಷ್ಟು ಹೊತ್ತು ಎಲ್ಲಿ ಸಿಗಬೇಕು?

14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಉಚಿತ ಸಲಹೆ ಸಿಗುತ್ತದೆ, ಕನ್ನಡದಲ್ಲೇ. ಒಳ್ಳೆಯದೇ. ಆದರೆ ಪೂರ್ಣ ತಪಾಸಣೆಗೆ, ಮುಂದಿನ ಚಿಕಿತ್ಸೆಗೆ ಹತ್ತಿರದಲ್ಲೇ ವೈದ್ಯರು ಬೇಕು. ಮಾನಸಿಕ ಆರೋಗ್ಯ ಸೇವೆ ಪಡೆಯುವುದು 2017ರ ಕಾಯ್ದೆಯ ಪ್ರಕಾರ ಹಕ್ಕು.

ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನವಾದರೂ ವಯಸ್ಕರಿಗೆಂದೇ, ಮೊದಲೇ ಸಮಯ ಗೊತ್ತುಮಾಡಿಕೊಂಡು ಬರುವಂಥ ತಪಾಸಣೆ ಶುರುವಾಗಲಿ. ಎಡಿಎಚ್‌ಡಿಗೆ ಬಳಸುವ ಮೀಥೈಲ್‌ಫೆನಿಡೇಟ್ ನಿಯಂತ್ರಿತ ಔಷಧ, ಎಲ್ಲ ಅಂಗಡಿಯವರೂ ಇಡುವುದಿಲ್ಲ. ಅದು ಆಸ್ಪತ್ರೆಯ ಔಷಧಾಲಯದಲ್ಲೇ ಸಿಗುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು.

– ಓದುಗ, ಸಿರುಗುಪ್ಪ