ಹಾಡಿನ ಹಕ್ಕು ಸಿಗಲೆಂದು 30 ವರ್ಷ ಕಾದ ಸಿನಿಮಾ

ಮಾನ್ಯ ಸಂಪಾದಕರೇ,

ನಾನು ರಬಕವಿಯ ನೇಕಾರ, 34 ವರ್ಷ ವಿದ್ಯುತ್ ಮಗ್ಗ ನಡೆಸಿದವನು. ನಿಮ್ಮ ಶುಕ್ರವಾರದ ಸಿನಿಮಾ ಪುಟದಲ್ಲಿ ಅಮೆರಿಕದ ನಿರ್ದೇಶಕ ಚಾರ್ಲ್ಸ್ ಬರ್ನೆಟ್ ಅವರ ಬಗ್ಗೆ ಬರೆಯಿರಿ ಎಂದು ಕೇಳಲು ಈ ಪತ್ರ.

ನನ್ನ ತಂಗಿಯ ಮಗ ರಜೆ ದಿನಗಳಲ್ಲಿ ನಮ್ಮ ಮಗ್ಗದ ಮನೆಯಲ್ಲೇ ಫೋನ್ ಹಿಡಿದು 20 ನಿಮಿಷದ ಚಿತ್ರ ಮಾಡಿದ್ದ. ನಾನು ಮಗ್ಗದ ಮುಂದೆ ಗುನುಗುತ್ತಿದ್ದ ಹಳೆಯ ಹಾಡೊಂದನ್ನು ಅದರಲ್ಲಿ ಹಾಕಿದ್ದ. ಹಾಕು ಅಂದವನು ನಾನೇ. ಆನ್‌ಲೈನ್‌ನಲ್ಲಿ ಬಿಟ್ಟ ಎರಡೇ ದಿನಕ್ಕೆ ಹಾಡು ತಮ್ಮದೆಂದು ಕಂಪನಿಯೊಂದು ತಕರಾರು ತೆಗೆದು ಚಿತ್ರವನ್ನೇ ತೆಗೆಸಿತು. ಹುಡುಗ ಅನ್ನ ಬಿಟ್ಟು ಕೂತ.

ದೀಪಾವಳಿಗೆ ಬಂದಾಗ ಅವನೇ ಬರ್ನೆಟ್ ಅವರ ‘ಕಿಲ್ಲರ್ ಆಫ್ ಶೀಪ್’ ತೋರಿಸಿದ. ಲಾಸ್ ಏಂಜಲೀಸಿನ ವಾಟ್ಸ್ ಎಂಬ ಕಪ್ಪು ಜನರ ಕೇರಿ. ಕುರಿ ಕಡಿಯುವ ಕಾರ್ಖಾನೆಯಲ್ಲಿ ದುಡಿಯುವ ಸ್ಟ್ಯಾನ್‌ಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಇಂಗ್ಲಿಷ್ ಮಾತು ನನಗೆ ಅರ್ಧಂಬರ್ಧ ತಿಳಿಯಿತು, ಆ ನಿದ್ದೆಗೆಟ್ಟ ಮುಖ ಪೂರ್ತಿ ತಿಳಿಯಿತು. ಮಗ್ಗ ನಿಂತ ಮೇಲೂ ನನ್ನ ಕಿವಿಯಲ್ಲಿ ಲಾಳಿ ಓಡುತ್ತಿತ್ತು. ಎಷ್ಟೋ ರಾತ್ರಿ ಕಟ್ಟೆಯ ಮೇಲೆ ಕೂತು ಬೆಳಗು ಮಾಡಿದ್ದೇನೆ.

ಒಂದು ಕಡೆ ಸ್ಟ್ಯಾನ್ ಪಗಾರದ ದುಡ್ಡಿನಲ್ಲಿ ಹಳೆಯ ಕಾರಿನ ಇಂಜಿನ್ ಕೊಳ್ಳುತ್ತಾನೆ. ಗೆಳೆಯನೂ ಅವನೂ ಏದುಸಿರು ಬಿಡುತ್ತ ಅದನ್ನು ಮೆಟ್ಟಿಲಿಳಿಸಿ ಗಾಡಿಯ ಹಿಂದಿನ ಅಂಚಿಗೆ ಇಡುತ್ತಾರೆ. ಒಳಕ್ಕೆ ನೂಕದೆ ಅಷ್ಟಕ್ಕೇ ಬಿಡುತ್ತಾರೆ. ಗಾಡಿ ಜಗ್ಗಿದ್ದೇ ತಡ, ಇಂಜಿನ್ ರಸ್ತೆಗೆ ಬಿದ್ದು ಹಾಳಾಗುತ್ತದೆ. ನೋಡುತ್ತಾರೆ, ಅಲ್ಲೇ ಬಿಟ್ಟು ಹೋಗುತ್ತಾರೆ. ರಿವೈಂಡಿಂಗ್ ಮಾಡಿಸಿ ತಂದ ಮೋಟಾರು ಅದೇ ದಿನ ಸುಟ್ಟಾಗ ನಾನೂ ನನ್ನ ತಮ್ಮನೂ ಹೀಗೇ ನಿಂತಿದ್ದೆವು, ಮಾತಿಲ್ಲದೆ.

ಬರ್ನೆಟ್ ಹುಟ್ಟಿದ್ದು 1944ರಲ್ಲಿ ಮಿಸಿಸಿಪ್ಪಿಯಲ್ಲಿ, ಬೆಳೆದದ್ದು ವಾಟ್ಸ್‌ನಲ್ಲೇ. ಲಾಸ್ ಏಂಜಲೀಸಿನ ಯುಸಿಎಲ್ಎ ವಿಶ್ವವಿದ್ಯಾಲಯದಲ್ಲಿ ಓದುವಾಗ ಪದವಿಗೆಂದು ವಾರಾಂತ್ಯಗಳಲ್ಲಿ ಈ ಚಿತ್ರ ತೆಗೆದರು. ಖರ್ಚು 10 ಸಾವಿರ ಡಾಲರಿನೊಳಗೆ. ಬರವಣಿಗೆ, ಕ್ಯಾಮೆರಾ, ಸಂಕಲನ ಎಲ್ಲ ಅವರದೇ. 1977ರಲ್ಲಿ ಮುಗಿಯಿತು. ಆದರೆ ಅದರಲ್ಲಿದ್ದ ಹಾಡುಗಳ ಹಕ್ಕು ಅವರ ಕೈಯಲ್ಲಿರಲಿಲ್ಲ, ಹಾಗಾಗಿ ಥಿಯೇಟರಿಗೆ ಬಿಡಲಾಗಲಿಲ್ಲ. 1990ರಲ್ಲಿ ಆ ದೇಶ ಕಾಪಾಡಿಡಬೇಕೆಂದು ಆರಿಸುವ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು, ಆಗಲೂ ಥಿಯೇಟರಿಗೆ ಬರಲಿಲ್ಲ. ಹಕ್ಕಿಗೆ ಸುಮಾರು 1.5 ಲಕ್ಷ ಡಾಲರ್ ಕೊಟ್ಟ ಮೇಲೆಯೇ, 2007ರಲ್ಲಿ, ಬಿಡುಗಡೆ. ಚಿತ್ರದ ಹದಿನೈದು ಪಟ್ಟು ದುಡ್ಡು ಹಾಡಿಗೆ! ಅಷ್ಟು ವರ್ಷ ಅವರು ಕೈಕಟ್ಟಿ ಕೂರಲಿಲ್ಲ. ಬೇರೆ ಚಿತ್ರ ಮಾಡುತ್ತಲೇ ಇದ್ದರು. 2017ರಲ್ಲಿ ಗೌರವ ಆಸ್ಕರ್ ಬಂತು.

ನಮ್ಮ ಹುಡುಗನೂ ಈಗ ಎದ್ದಿದ್ದಾನೆ. ಮೊನ್ನೆ ನನ್ನ ತಾಯಿಯನ್ನು ಕೂರಿಸಿಕೊಂಡು ಬೀಸುವ ಪದ ಹಾಡಿಸಿ ರೆಕಾರ್ಡ್ ಮಾಡಿದ. ಅವ್ವ ಎರಡನೇ ನುಡಿ ಮರೆತು ಮತ್ತೆ ಮೊದಲಿನಿಂದ ಹಿಡಿದಳು. ಅದನ್ನೇ ಹಾಕುತ್ತಾನಂತೆ, ಮರೆತದ್ದೂ ಸೇರಿಸಿ.

ಬನಹಟ್ಟಿ, ಜಮಖಂಡಿ, ಮುಧೋಳದಲ್ಲಿ ಇಂಥ ಹುಡುಗರು ಬಹಳ ಇದ್ದಾರೆ. ಕೋಟಿ ಗಳಿಕೆಯ ಸುದ್ದಿ ಹಾಕುವ ಪುಟದಲ್ಲೇ ಒಂದು ಕಾಲಂ ಅವರಿಗೂ ಕೊಡಿ. ಹಾಡಿಗೆ ಅನುಮತಿ ಯಾರಿಂದ ಪಡೆಯಬೇಕು, ಪತ್ರ ಹೇಗೆ ಬರೆಯಬೇಕು, ಎಷ್ಟು ದುಡ್ಡಾದೀತು ಎಂಬುದನ್ನು ತಿಳಿದವರಿಂದ ಬರೆಸಿ. ಚಿತ್ರ ಮುಗಿಸಿದ ಮೇಲಲ್ಲ, ಶುರು ಮಾಡುವ ಮೊದಲೇ ಅವರಿಗೆ ಇದು ಗೊತ್ತಾಗಬೇಕು.

ಇಂತಿ,
ಒಬ್ಬ ನೇಕಾರ, ರಬಕವಿ, ಬಾಗಲಕೋಟೆ ಜಿಲ್ಲೆ