ಹುಡುಕಿದ್ದು ಎಲ್ಲಿ ಅಂತಲೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಎದೆ ಉರಿ, ಹುಳಿ ತೇಗಿನ ಬಗ್ಗೆ ಒಂದು ಬರಹ ಬಂದಿತ್ತು. ಅದರಲ್ಲಿ 'ಸಂಶೋಧನೆಗಳಿಂದ ಸಾಬೀತಾಗಿದೆ' ಎಂಬ ಮಾತು ಮೂರು ಸಲ ಇತ್ತು. ಯಾವ ಸಂಶೋಧನೆ, ಎಷ್ಟು, ಯಾರು ಎಲ್ಲಿಂದ ಹುಡುಕಿ ತೆಗೆದರು, ಒಂದೂ ಇಲ್ಲ. ನಾನು ಡಾಕ್ಟರ್ ಅಲ್ಲ. ಮುಂಬಯಿಯ ಒಂದು ಆಸ್ಪತ್ರೆಯ ಲೈಬ್ರರಿಯಲ್ಲಿ ದುಡಿದು ನಿವೃತ್ತನಾಗಿ ಡೊಂಬಿವಲಿಯಲ್ಲಿ ಕೂತಿರುವವನು. ಹೊಟ್ಟೆ, ಕರುಳಿನ ವಿಭಾಗದ ಡಾಕ್ಟರುಗಳಿಗೆ ಲೇಖನ ಹುಡುಕಿ ಕೊಡುವುದೇ ನನ್ನ ಕೊನೆಯ ವರ್ಷಗಳ ಕೆಲಸವಾಗಿತ್ತು, ಹಾಗಾಗಿ ಓದಿ ಸುಮ್ನೆ ಇರಲು ಆಗಲಿಲ್ಲ.

ಸಿಸ್ಟಮ್ಯಾಟಿಕ್ ರಿವ್ಯೂ ಅಂತ ಒಂದಿದೆ. ಒಂದು ಪ್ರಶ್ನೆ ಇಟ್ಟುಕೊಂಡು, ಅದರ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ, ನಮಗೆ ಹಿಡಿಸಿದ ನಾಲ್ಕನ್ನಷ್ಟೇ ಅಲ್ಲ, ಹುಡುಕಿ ತಂದು, ಜರಡಿ ಹಿಡಿದು, ಉಳಿದದ್ದನ್ನು ಒಟ್ಟಿಗಿಟ್ಟು ನೋಡುವುದು. ಇದರಲ್ಲಿ ಎಡವುವುದು ಹೆಚ್ಚಾಗಿ ಮೊದಲ ಹೆಜ್ಜೆಯಲ್ಲೇ. ಹುಡುಕುವುದು ಅಂದರೆ ಒಂದು ಪದ ಟೈಪ್ ಮಾಡಿ ಎಂಟರ್ ಒತ್ತುವುದು ಅಂತ ಡಾಕ್ಟರುಗಳೂ ನಂಬಿದ್ದಾರೆ.

ಒಂದೇ ವಸ್ತುವಿಗೆ ಹೆಸರು ಎರಡಿರಬಹುದು. ನಾಳೆ ಯಾರೋ ನಮ್ಮ ಮುಂಬಯಿಯ ಪ್ರಭಾದೇವಿ ರೈಲು ಸ್ಟೇಷನ್ನಿನ ಚರಿತ್ರೆ ಬರೆಯಲು ಹೊರಟು, ಹಳೇ ಪೇಪರುಗಳಲ್ಲಿ 'ಪ್ರಭಾದೇವಿ ಸ್ಟೇಷನ್' ಅಂತ ಮಾತ್ರ ಹುಡುಕಿದರು ಅನ್ನಿ. 2018ರವರೆಗೆ ಅದು ಎಲ್ಫಿನ್‌ಸ್ಟನ್ ರೋಡ್. ಅಲ್ಲಿ ನಡೆದ 2017ರ ಕಾಲ್ತುಳಿತದ ಸುದ್ದಿಯೇ ಕೈ ತಪ್ಪೀತು, ಅಲ್ವಾ? ಹೊಟ್ಟೆ ಹುಣ್ಣು ತರುವ ಬ್ಯಾಕ್ಟೀರಿಯಾದ ಕಥೆಯೂ ಹೀಗೇ. ಈಗ ಎಲ್ಲರ ಬಾಯಲ್ಲೂ ಹೆಲಿಕೋಬ್ಯಾಕ್ಟರ್ ಪೈಲೋರಿ. ಆದರೆ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1984ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಾಗ ಅದಕ್ಕೆ ಹೆಸರೇ ಇರಲಿಲ್ಲ, 'ಗುರುತು ಸಿಗದ ಬಾಗಿದ ಬ್ಯಾಕ್ಟೀರಿಯಾ' ಅಂತ ಕರೆದಿದ್ದರು. ಆಮೇಲೆ ಕ್ಯಾಂಪೈಲೋಬ್ಯಾಕ್ಟರ್ ಆಯಿತು. ಹೆಲಿಕೋಬ್ಯಾಕ್ಟರ್ ಆದದ್ದು 1989ರಲ್ಲಿ. ಅವರಿಬ್ಬರಿಗೆ 2005ರಲ್ಲಿ ನೊಬೆಲ್ ತಂದ ಕೆಲಸದ ಮೊದಲ ಲೇಖನಗಳೇ ಹೊಸ ಹೆಸರಿನ ಹುಡುಕಾಟದಲ್ಲಿ ಜಾರಿ ಹೋಗಬಹುದು. 2023ರಲ್ಲಿ ಫ್ಯಾಟಿ ಲಿವರಿನ ಹೆಸರೂ ಬದಲಾಯಿತು, ಎನ್‌ಎಎಫ್‌ಎಲ್‌ಡಿ ಹೋಗಿ ಎಂಎಎಸ್‌ಎಲ್‌ಡಿ. ಇನ್ನು ಮುಂದೆ ಹುಡುಕುವವರು ಎರಡನ್ನೂ ಹಾಕಬೇಕು.

ಒಂದೇ ಪದಕ್ಕೆ ಎರಡು ಅರ್ಥ ಇರುವ ಪೇಚು ಬೇರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಡಾಕ್ಟರು 'ಕೋಲನ್ ಬಗ್ಗೆ ಏನಿದೆ' ಅಂತ ಕೇಳಿದರು. ನಾನು ಓಡಿ ಹೋಗಿ ಲೈಬ್ರರಿ ಪುಸ್ತಕಗಳನ್ನು ವಿಷಯವಾರು ವಿಂಗಡಿಸಲು ರಂಗನಾಥನ್ ಅವರು ಮಾಡಿದ ಕೋಲನ್ ವರ್ಗೀಕರಣದ ಪುಸ್ತಕ ತಂದು ಕೊಟ್ಟೆ. ಲೈಬ್ರರಿ ಕೋರ್ಸಿನಲ್ಲಿ ನಾನು ಕಲಿತ ಕೋಲನ್ ಅದೊಂದೇ! ಪಾಪ, ಅವರಿಗೆ ಬೇಕಾಗಿದ್ದದ್ದು ದೊಡ್ಡ ಕರುಳು.

ಒಮ್ಮೆ ಶನಿವಾರ ಮಧ್ಯಾಹ್ನ, ನಾನು ಲೋಕಲ್ ಹಿಡಿಯಲು ಚೀಲ ಹೆಗಲಿಗೆ ಹಾಕಿದ ಹೊತ್ತಿಗೆ, ಡಿಎಂ (ಎಂಡಿ ಆದಮೇಲಿನ ಸ್ಪೆಷಲಿಸ್ಟ್ ಡಿಗ್ರಿ) ಓದುವ ಹುಡುಗನೊಬ್ಬ ಬಂದ. ಸೋಮವಾರ ಗೈಡ್‌ಗೆ ತೋರಿಸಬೇಕು ಸರ್, ಹುಡುಕಿ ಆಗಿದೆ, ಪಿಡಿಎಫ್ ಇಳಿಸಿ ಕೊಟ್ಟರೆ ಸಾಕು ಅಂದ. ನೋಡಿದರೆ ಎದೆ ಉರಿ ಕಾಯಿಲೆಯ ಇಂಗ್ಲಿಷ್ ಚುಟುಕು ಹೆಸರು ಜಿಇಆರ್‌ಡಿ ಅಂತ ಮಾತ್ರ ಹೊಡೆದಿದ್ದಾನೆ. ವೈದ್ಯಕೀಯ ಲೇಖನಗಳ ಡೇಟಾಬೇಸುಗಳಲ್ಲಿ ಪಬ್‌ಮೆಡ್ ಮಾತ್ರ. ಇಂಗ್ಲಿಷ್ ಮಾತ್ರ. ಐದು ವರ್ಷದ್ದು ಮಾತ್ರ. ಅದರ ಮೇಲೆ ಪುಕ್ಕಟೆ ಸಿಗುವ ಲೇಖನ ಮಾತ್ರ ಅಂತ ಫಿಲ್ಟರ್ ಬೇರೆ, ಅಂದರೆ ದುಡ್ಡು ಕೊಟ್ಟು ಓದಬೇಕಾದದ್ದು ಸಂಶೋಧನೆಯೇ ಅಲ್ಲ ಅಂದ ಹಾಗೆ! ಅನ್ನನಾಳಕ್ಕೆ ಬ್ರಿಟಿಷರ ಸ್ಪೆಲಿಂಗ್ 'ಓ'ದಿಂದ ಶುರುವಾಗುತ್ತದೆ, ಅಮೆರಿಕದವರದ್ದು 'ಇ'ಯಿಂದ, ಹಾಗಾಗಿ ಅದೇ ಕಾಯಿಲೆ ಬ್ರಿಟನ್ನಿನಲ್ಲಿ ಜಿಓಆರ್‌ಡಿ. ಅವನಿಗೆ ಅದು ಗೊತ್ತೇ ಇರಲಿಲ್ಲ. ಚೀಲ ಇಳಿಸಿ ಕೂತೆ. ಎದೆ ಉರಿಗೆ ಇರುವ ಪದಗಳನ್ನೆಲ್ಲ, ಯಾವುದೊಂದಿದ್ದರೂ ಸಿಗಲಿ ಅಂತ, 'ಅಥವಾ' ಹಾಕಿ ಜೋಡಿಸಿದೆವು, ಔಷಧಿಯ ಹೆಸರುಗಳನ್ನು 'ಮತ್ತು' ಹಾಕಿ ಸೇರಿಸಿದೆವು. ಇಂಥ ರಿವ್ಯೂಗಳನ್ನೇ ಮಾಡುವ ಕಾಕ್ರೇನ್ ಸಂಸ್ಥೆಯವರು ಚಿಕಿತ್ಸೆಯ ಪ್ರಯೋಗಗಳಿಗೆಂದೇ ಇಟ್ಟಿರುವ ಸೆಂಟ್ರಲ್ ಎಂಬ ಡೇಟಾಬೇಸ್ ನೋಡಿದೆವು. ಎಂಬೇಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಔಷಧಿ ವಿಷಯ, ಯುರೋಪಿನ ಪತ್ರಿಕೆಗಳು, ಸಮ್ಮೇಳನದ ಸಾರಾಂಶಗಳು ಜಾಸ್ತಿ ಸಿಗುತ್ತವೆ. ಆದರೆ ಅದು ದುಬಾರಿ, ನಮ್ಮಲ್ಲಿರಲಿಲ್ಲ, ಬೇರೆ ಲೈಬ್ರರಿಯ ಗೆಳೆಯನ ಕಾಲು ಹಿಡಿದೆ. ಶುರುವಾಗಿ ಪ್ರಕಟವಾಗದೆ ಉಳಿದ ಪ್ರಯೋಗಗಳು ನಮ್ಮ ದೇಶದ ಪ್ರಯೋಗಗಳ ನೋಂದಣಿ ಪಟ್ಟಿ ಸಿಟಿಆರ್‌ಐನಲ್ಲಿ ಸಿಗುತ್ತವೆ, 2007ರಿಂದ ಇದೆ. ಔಷಧಿ ಕೆಲಸ ಮಾಡಲಿಲ್ಲ ಎನ್ನುವ ಫಲಿತಾಂಶ ಅಚ್ಚಾಗುವುದು ಕಮ್ಮಿ, ಅದನ್ನು ಬಿಟ್ಟರೆ ಔಷಧಿ ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ.

ಸಿಕ್ಕಿದ ರಾಶಿ ನೋಡಿ ಹುಡುಗ ಸುಸ್ತಾದ. ಇದನ್ನೆಲ್ಲ ಇಬ್ಬರು ಬೇರೆ ಬೇರೆಯಾಗಿ ಕೂತು ಓದಿ ಬೇಡದ್ದನ್ನು ತೆಗೆಯಬೇಕು ಅಂದಾಗಂತೂ ಮುಖ ಸಪ್ಪೆ. ಕೊನೆಗೆ ಲೇಖನ ಅಚ್ಚಾಯಿತು. ಅದರಲ್ಲಿ ಯಾರ‍್ಯಾರದೋ ಹೆಸರಿತ್ತು, ಹುಡುಕಿದವನದ್ದಿರಲಿಲ್ಲ. ಅದಿರಲಿ, ನನ್ನ ಹಳೇ ಗಾಯ. ಬೇಜಾರಾದದ್ದು, ಹುಡುಕಿದ ರೀತಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದಕ್ಕೆ. ಬೇರೆಯವರು ಅದೇ ಹುಡುಕಾಟ ಮತ್ತೆ ಮಾಡಿ ನೋಡಲು ಆಗಬೇಕು, ಅದಕ್ಕೇ ಇಂಥ ರಿವ್ಯೂ ಬರೆಯುವವರಿಗೆಂದು ಇರುವ 2020ರ ಪ್ರಿಸ್ಮಾ ನಿಯಮ ಪ್ರತಿ ಡೇಟಾಬೇಸಿನಲ್ಲಿ ಹಾಕಿದ ಪದಗಳನ್ನು ಇದ್ದ ಹಾಗೇ ಕೊಡಿ ಅನ್ನುತ್ತದೆ.

ಪೇಪರಿನಲ್ಲಿ ಅಷ್ಟೆಲ್ಲ ಹಾಕಲು ಜಾಗ ಇಲ್ಲ, ಗೊತ್ತು. ಎಲ್ಲಿ ಹುಡುಕಿದರು, ಯಾವ ತಿಂಗಳವರೆಗೆ, ಸಿಕ್ಕಿದ್ದೆಷ್ಟು, ಇಟ್ಟುಕೊಂಡದ್ದೆಷ್ಟು ಅಂತ ಎರಡು ಸಾಲು ಸಾಕು. ಬರೆದವರ ಹತ್ತಿರ ಅದಕ್ಕೆ ಉತ್ತರ ಇಲ್ಲದಿದ್ದರೆ 'ಸಾಬೀತಾಗಿದೆ' ತೆಗೆದು 'ನನಗೆ ಅನ್ನಿಸುತ್ತದೆ' ಅಂತ ಹಾಕಿ, ಆಗ ನನ್ನ ತಕರಾರಿಲ್ಲ. ಆ ಎದೆ ಉರಿ ಬರಹದವರಿಗೆ ಬೇಕಿದ್ದರೆ ನಾನೇ ಹುಡುಕಿ ಕೊಡುತ್ತೇನೆ, ದುಡ್ಡು ಬೇಡ. ಶನಿವಾರ ಮಧ್ಯಾಹ್ನ ಮಾತ್ರ ಬರುವುದು ಬೇಡ.

ಇಂತಿ,
ನಿವೃತ್ತ ಲೈಬ್ರರಿಯನ್, ಡೊಂಬಿವಲಿ